ಕ್ಯಾಚರನ ಕೆಂಪು ಉಗುರು

1957 ಸೆಪ್ಟೆಂಬರ್ 29, ಭಾನುವಾರ
ಮಿಸೆಸ್ ಎಬರ್ಲಿ ಅವರ ಮನೆ, ಮೇಲಿನ ಕೋಣೆ
ಕೆಲ್ಟನ್, ಐಯೊವಾ

ಪ್ರೀತಿಯ ವೆರೋನ್ಕಾ,

ಈ ಹೆಸರು ಬರೆದು ಆರು ವರ್ಷವಾಯಿತು. ಬೆಳಗಿನಿಂದ ನಾಲ್ಕು ಹಾಳೆ ಹರಿದು ಹಾಕಿದೆ. ಮೊದಲನೆಯದರಲ್ಲಿ ‘ಶ್ರೀಮತಿ ಹ್ರುಷ್ಕಾ ಅವರಿಗೆ’ ಅಂತ ಹಾಕಿದ್ದೆ, ಯಾವನೋ ವಕೀಲ ನೋಟೀಸು ಕೊಟ್ಟ ಹಾಗೆ ಕಂಡಿತು. ಎರಡನೆಯದರಲ್ಲಿ ‘ವೆರೋನಾ’ ಅಂತಷ್ಟೇ ಬರೆದೆ, ಅದು ನಿನ್ನ ಅಕ್ಕ ಕೂಗುವ ಹಾಗಿತ್ತು. ನಾನು ಕರೆಯುತ್ತಿದ್ದದ್ದು ವೆರೋನ್ಕಾ ಅಂತ, ಹಾಗೇ ಕರೆಯುತ್ತೇನೆ. ಬೇಡವೆನಿಸಿದರೆ ಅಲ್ಲಿಂದಲೇ ಬೈದುಕೋ. ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸು. ಬಲಗೈಯ ಬೆರಳುಗಳಲ್ಲಿ ಈಗ ನೆಟ್ಟಗಿರುವುದು ಕಿರುಬೆರಳೊಂದೇ.

ನಿನ್ನ ಕಾರ್ಡು ಗುರುವಾರ ಬಂತು. ನನ್ನ ಕೈಗೆ ಕೊಡುವ ಮೊದಲು ಮಿಸೆಸ್ ಎಬರ್ಲಿ ಅದನ್ನು ಓದಿಯೇ ಓದಿದ್ದಾರೆ. ಮೆಟ್ಟಿಲ ಬುಡದಲ್ಲಿ ನಿಂತು, “ಬಾಟಲಿ ವಿಷಯ ಏನೋ ಕೇಳಿದಾರೆ ನೋಡಿ ಮಿಸ್ಟರ್ ಹ್ರುಷ್ಕಾ. ನಾನು ಹೇಳ್ಬಾರ್ದು, ಆದ್ರೂ ಹೇಳ್ತೀನಿ, ಕುಡಿಯೋದು ಬಿಟ್ಬಿಡಿ. ನಮ್ಮೆಜಮಾನ್ರೂ ಹಿಂಗೇ ಹೋಗಿದ್ದು,” ಅಂದರು. ನಾನು ಬಿಯರನ್ನೂ ಮುಟ್ಟುವುದಿಲ್ಲ ಅಂತ ಅವರಿಗೆ ಗೊತ್ತು. ಆದರೂ ಆಗಿನಿಂದ ಊಟದ ಮೇಜಿನಲ್ಲಿ ನನ್ನನ್ನು ಕನಿಕರದಿಂದ ನೋಡುತ್ತಿದ್ದಾರೆ, ಆಲೂಗೆಡ್ಡೆ ಒಂದು ಸೌಟು ಹೆಚ್ಚಿಗೆ ಬಡಿಸುತ್ತಿದ್ದಾರೆ. ನಾನೂ ಬೇಡ ಅನ್ನಲಿಲ್ಲ.

ನಿನ್ನ ಕಾರ್ಡಿನಲ್ಲಿರುವುದು ಐದು ಸಾಲು. ನನಗೆ ಬಾಯಿಪಾಠವಾಗಿದೆ. ‘ಓರಾಲಿ ಕಾಗದ ಬರೆದಿದ್ದಾಳೆ. ಡ್ಯೂಯಿಗೆ ಎರಡೂ ಕಣ್ಣು ಹೋಯಿತಂತೆ. ಆ ಕೆಂಪು ಬಾಟಲಿ ಅವನಿಗೋಸ್ಕರ ಇಟ್ಟುಕೊಂಡದ್ದಂತೆ. ಹಾಗಿದ್ದ ಮೇಲೆ ಹೆಂಗಸಿದ್ದಾಳೆ ಅಂತ ನನ್ನ ಮುಂದೆ ಯಾಕೆ ಒಪ್ಪಿಕೊಂಡೆ? ನಿಜ ಹೇಳುವುದಾದರೆ ಬರೆ, ಇಲ್ಲದಿದ್ದರೆ ಬರೆಯಲೇಬೇಡ.’

ಇದಕ್ಕೆ ಸರಿಯಾದ ಉತ್ತರ ಕೊಟ್ಟರೆ ನೀನು ಇನ್ನೊಂದು ಕಾರ್ಡು ಬರೆಯಬಹುದು. ಅಷ್ಟೇ ನನ್ನ ಆಸೆ ಅಂತ ಬರೆಯಹೊರಟಿದ್ದೆ. ಅಷ್ಟೇ ಅಲ್ಲ. ಮಿಕ್ಕಿದ್ದನ್ನು ಕೊನೆಯಲ್ಲಿ ಕೇಳುತ್ತೇನೆ, ಈಗಲೇ ಕೇಳಲು ಧೈರ್ಯ ಸಾಲದು.

ಮೊದಲು ಇಲ್ಲಿನ ಸುದ್ದಿ. ಶುಕ್ರವಾರ ನನ್ನನ್ನು ತಂಡದಿಂದ ಬಿಟ್ಟರು. ಮ್ಯಾನೇಜರ್ ನನಗಿಂತ ಐದು ವರ್ಷ ಚಿಕ್ಕವನು, ಪಾಪ, ಹೇಳಲಾರದೆ ಟೋಪಿ ತಿರುಗಿಸುತ್ತಾ ನಿಂತಿದ್ದ. “ಎಮಿಲ್ಲಣ್ಣ, ನಿನ್ನ ತಲೆ ಇನ್ನೂ ಚೆನ್ನಾಗಿದೆ, ಮಂಡಿನೇ ನೋಡು...” ಅಂತ ಎಳೆದ. “ಮಂಡಿ ಬಿಟ್ಟು ತಲೆ ಒಂದನ್ನೇ ಇಟ್ಕೋ ಹಂಗಾದ್ರೆ,” ಅಂದೆ. ನಕ್ಕ. ಮುಖಕ್ಕೆ ಹಾಕುವ ಜಾಲರಿ, ಎದೆ ಕವಚ, ಕಾಲು ಕವಚ, ಗವುಸು, ಎಲ್ಲ ಆ ಹಳೇ ಚೀಲಕ್ಕೆ ತುಂಬಿಕೊಂಡು ನಡೆದು ಬಂದೆ. ಆ ಚೀಲ ನಿನಗೆ ಗೊತ್ತು, ಹಿಡಿ ಕಿತ್ತುಹೋದಾಗ ನೀನೇ ಮೀನಿನ ದಾರದಲ್ಲಿ ಹೊಲಿದುಕೊಟ್ಟದ್ದು. ಹದಿನೇಳು ವರ್ಷದ ಬೇಸ್‌ಬಾಲ್ ವೆರೋನ್ಕಾ, ಯುದ್ಧದ ಮೂರು ವರ್ಷ ಕಳೆದರೆ ಹದಿನಾಲ್ಕು. ಅದರಲ್ಲಿ ದೊಡ್ಡ ಲೀಗಿನಲ್ಲಿ ಇದ್ದದ್ದು ಹತ್ತೊಂಬತ್ತು ದಿನ.

ಮನೆಯಲ್ಲಿ ಈಗ ಯಾರೂ ಇಲ್ಲ. ಮಿಸೆಸ್ ಎಬರ್ಲಿ ಮಗಳ ಮನೆಗೆ ಹೋಗಿದ್ದಾರೆ. ಪಕ್ಕದ ಮನೆಯ ರೇಡಿಯೊದಲ್ಲಿ ವರ್ಷದ ಕೊನೆಯ ಆಟ ಬರುತ್ತಿದೆ. ಜನ ಕೂಗುವುದು ಕೇಳುತ್ತದೆ, ಯಾಕೆ ಕೂಗಿದರು ಅನ್ನುವುದು ಕೇಳುವುದಿಲ್ಲ. ಕಿಟಕಿ ಮುಚ್ಚಿ ಕೂತೆ, ಅದು ಇನ್ನೂ ಕಷ್ಟವಾಯಿತು, ತೆರೆದೆ. ಮೂರು ದಿನದಿಂದ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಿಲ್ಲ. ಕ್ಯಾಚರನ ಬಾಯಿ ನಿನಗೆ ಗೊತ್ತಲ್ಲ. ಜಾಲರಿ ಹಿಂದೆ ಕೂತು ಇಡೀ ದಿನ ಅಂಪೈರಿಗೆ, ಬ್ಯಾಟ್ ಹಿಡಿದವನಿಗೆ, ಗಾಳಿಗೆ, ಎಲ್ಲರಿಗೂ ಏನಾದರೂ ಅನ್ನುತ್ತಲೇ ಇರುವ ಬಾಯಿ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಸಹಿಸಿಕೋ.

ಅಪ್ಪ ನನ್ನನ್ನು ಮೊದಲ ಸಲ ಆಟಕ್ಕೆ ಕಳಿಸಿದ ದಿನ ಹೇಳಿದ ಮಾತು ನೆನಪಾಗುತ್ತಿದೆ. ಗಣಿ ಕಾರ್ಮಿಕರ ತಂಡದಲ್ಲಿ ಕ್ಯಾಚರ್ ಆಗಲು ಯಾರೂ ಮುಂದೆ ಬಂದಿರಲಿಲ್ಲ. ಒಂಬತ್ತು ಇನ್ನಿಂಗ್ಸು ಕುಕ್ಕರಗಾಲಿನಲ್ಲಿ ಕೂತು ಮೈಯೆಲ್ಲ ಪೆಟ್ಟು ತಿನ್ನಲು ಯಾರಿಗೆ ಬೇಕು? ಅಪ್ಪ, “ಒಪ್ಕೊಳೋ. ಕೆಳಗೆ ಕಲ್ಲಿದ್ದಲು ಕಡಿಯೋಕೂ ಬಗ್ಗಿಯೇ ಕೂರಬೇಕು, ಇಲ್ಲೂ ಬಗ್ಗಿಯೇ ಕೂರಬೇಕು. ಇಲ್ಲಿ ಬಿಸಿಲಾದ್ರೂ ಇದೆ,” ಅಂದ. ಬಿಸಿಲೇನೋ ಸಿಕ್ಕಿತು. ಬಸ್ಸಿನ ಕಿಟಕಿಯಲ್ಲಿ ಕೂತು ಹನ್ನೊಂದು ಊರಿನ ಬಿಸಿಲು ನೋಡಿದೆ.

ಕ್ಯಾಚರ್ ಅಂದರೆ ಚೆಂಡು ಹಿಡಿಯುವವನು ಅಂತ ಜನ ತಿಳಿದಿದ್ದಾರೆ. ಹಿಡಿಯುವುದು ಅರ್ಧ ಕೆಲಸ. ಬಲಗೈಯನ್ನು ತೊಡೆಗಳ ನಡುವೆ ಬಚ್ಚಿಟ್ಟುಕೊಂಡು, ಅರವತ್ತು ಅಡಿ ಆಚೆ ದಿಬ್ಬದ ಮೇಲಿರುವ ಪಿಚರಿಗೆ ಯಾವ ಚೆಂಡು ಎಸೆಯಬೇಕು ಅಂತ ಬೆರಳಿನಲ್ಲಿ ಹೇಳುವುದು ಇನ್ನರ್ಧ. ಒಂದು ಬೆರಳು ಬಿಟ್ಟರೆ ನೇರ ವೇಗದ ಚೆಂಡು, ಎರಡು ಬಿಟ್ಟರೆ ತಿರುವಿನ ಚೆಂಡು. ಬೆರಳು ಪಿಚರಿಗೆ ಕಾಣಬೇಕು, ಬೇರೆ ಯಾರಿಗೂ ಕಾಣಬಾರದು. ಎಲ್ಲವನ್ನೂ ನೆನಪಿಡಬೇಕು. ಬ್ಯಾಟ್ ಹಿಡಿದ ಯಾವನಿಗೆ ಯಾವ ಚೆಂಡು ಆಗುವುದಿಲ್ಲ ಅಂತ ಹದಿನೇಳು ವರ್ಷದ್ದನ್ನೂ ಇವತ್ತು ಕೇಳಿದರೂ ಹೇಳುತ್ತೇನೆ. ನಮ್ಮ ಮದುವೆಯಲ್ಲಿ ನಿನ್ನ ಚಿಕ್ಕಪ್ಪ ಕುಡಿದು ಆರು ಹಾಡು ಹಾಡಿದ, ಅದರಲ್ಲಿ ಎರಡು ಒಂದೇ ಹಾಡು. ನಾನು ಮರೆಯುವವನಲ್ಲ ಅಂತ ನೀನೇ ಎಷ್ಟೋ ಸಲ ಬೈದಿದ್ದೀಯ.

ಇನ್ನು ಡ್ಯೂಯಿ ವಿಷಯ.

1951ರ ಜೂನ್. ನಿನ್ನ ಅಮ್ಮನಿಗೆ ಪಾರ್ಶ್ವವಾಯು ಹೊಡೆದು ನೀನು ಜಾನ್ಸ್‌ಟೌನಿಗೆ ಹೋಗಿ ಎರಡು ವಾರವಾಗಿತ್ತು. ಒಂದು ಸಂಜೆ ಆಟದಲ್ಲಿ ನಾನು ಎರಡು ಬೆರಳು ಬಿಟ್ಟೆ, ದಿಬ್ಬದ ಮೇಲಿದ್ದ ನಮ್ಮ ಪಿಚರ್ ಡ್ಯೂಯಿ ಟಾಲಿವರ್ ತಲೆಯಾಡಿಸಿದ, ತಿರುವಿನ ಚೆಂಡಿಗೆ ಗವುಸು ಒಡ್ಡಿ ಕೂತೆ. ಬಂದದ್ದು ನೇರ ಬೆಂಕಿ. ಹೆಬ್ಬೆರಳು ಹಿಂದಕ್ಕೆ ಮಡಿಚಿಕೊಂಡಿತು. ದಿಬ್ಬಕ್ಕೆ ನಡೆದು ಹೋಗಿ, “ಏನಯ್ಯಾ, ಕೊಲ್ಲಬೇಕು ಅಂತಿದ್ದೀಯಾ? ಕೆಲಸ ಇದೆ ನಂಗೆ, ಇನ್ನೊಂದು ವಾರ ಬಿಟ್ಟು ಕೊಲ್ಲು,” ಅಂದೆ. ಅವನು ಗವುಸಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಾ, “ನಿನ್ನ ಬೆರಳು ಕಾಣ್ತಿಲ್ಲ ಕಣೋ ಎಮಿಲ್,” ಅಂದ.

“ಎಷ್ಟು ದಿನದಿಂದ?”

“ಕ್ರಿಸ್‌ಮಸ್‌ನಿಂದ. ಅಂದಾಜಲ್ಲಿ ಹೊಡೀತಾ ಇದೀನಿ.”

“ಕನ್ನಡಕ ಹಾಕ್ಕೊಳೋ ಮಾರಾಯ.”

“ಮೂವತ್ತಮೂರು ವರ್ಷದ ಪಿಚರ್ ಕನ್ನಡಕ ಹಾಕ್ಕೊಂಡ್ರೆ ಮಾರನೇ ದಿನ ಮನೆಗೆ ಟಿಕೆಟ್ ಕೊಡ್ತಾರೆ. ನಾಕು ಮಕ್ಕಳು ನಂಗೆ. ಹೆಂಡ್ತಿ ಓರಾಲಿಗೂ ಹೇಳಿಲ್ಲ. ನೀನು ಯಾರಿಗೂ ಹೇಳ್ಬೇಡ, ನಿನ್ನ ಹೆಂಡ್ತಿಗಂತೂ ಬೇಡವೇ ಬೇಡ. ವೆರೋನಾಗೆ ಹೇಳೋದೂ ಒಂದೇ, ಓರಾಲಿ ಕಿವೀಲಿ ಊದೋದೂ ಒಂದೇ.”

ಅದು ಸುಳ್ಳಲ್ಲ ತಾನೇ? ನೀವಿಬ್ಬರೂ ಒಂದೇ ಬೆಂಚು, ಒಂದೇ ಪೊಟ್ಟಣ ಕಡಲೆಕಾಯಿ, ಒಂದೇ ಸ್ಕೋರು ಪುಸ್ತಕ. ನಾನು ಆಣೆ ಮಾಡಿದೆ.

ಮಬ್ಬು ಹೊತ್ತಿನಲ್ಲಿ ಬೆರಳಿಗೆ ಬಿಳಿ ಟೇಪು ಸುತ್ತಿಕೊಳ್ಳುವುದು ಎಲ್ಲ ಕ್ಯಾಚರುಗಳೂ ಮಾಡುವ ಕೆಲಸ. ಆದರೆ ಹಾಡಹಗಲಲ್ಲಿ ಟೇಪು ಸುತ್ತಿಕೊಂಡರೆ ಬೆಂಚಿನಲ್ಲಿ ಕೂತವರಿಗೂ ಎದ್ದು ಕಾಣುತ್ತದೆ, “ಯಾರಿಗಪ್ಪಾ ಕಣ್ಣು ಮಂಜು?” ಅಂತ ಮ್ಯಾನೇಜರ್ ಕೇಳದೆ ಬಿಡುವುದಿಲ್ಲ. ಅದಕ್ಕೇ ನೇಲ್ ಪಾಲಿಶ್ ಯೋಚನೆ ಬಂತು. ಮುಷ್ಟಿ ಮಡಿಚಿದರೆ ಯಾರಿಗೂ ಕಾಣದು, ಉಗುರು ಚಾಚಿದರೆ ಡ್ಯೂಯಿಗೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಅಂಗಡಿಗೆ ಹೋಗಿ ತರುವುದು ಮಾತ್ರ ದೊಡ್ಡ ಶಿಕ್ಷೆ. ಅಲ್ಲಿ ನೋರೀನ್ ಅಂತ ಎದೆಗೆ ಬಿಲ್ಲೆ ಹಾಕಿಕೊಂಡ ಹುಡುಗಿ, “ಹೆಂಡ್ತಿಗಾ ಸರ್? ಇಷ್ಟು ಕೆಂಪು ಬೇಡ ಸರ್, ತಿಳಿ ಗುಲಾಬಿ ತಗೊಳ್ಳಿ, ಮರ್ಯಾದಸ್ಥರು ಹಾಕೋದು,” ಅಂದಳು. “ಇದಕ್ಕಿಂತ ಕೆಂಪಿದ್ರೆ ಕೊಡಮ್ಮ,” ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆಟಕ್ಕೆ ಮುಂಚೆ ಕಕ್ಕಸಿನಲ್ಲಿ ಚಿಲಕ ಹಾಕಿಕೊಂಡು ಹಚ್ಚುತ್ತಿದ್ದೆ, ಮುಗಿದ ಮೇಲೆ ಟರ್ಪೆಂಟೈನಿನಲ್ಲಿ ಉಜ್ಜುತ್ತಿದ್ದೆ. ವಾಸನೆಗೆ ಹುಡುಗರು, “ಏನು, ಮದುಮಗಳು ಸಿಂಗಾರ ಮಾಡ್ಕೊಂಡ್ಳಾ?” ಅಂತ ಬಾಗಿಲು ಬಡಿಯುತ್ತಿದ್ದರು. ಉಗುರು ಸೀಳಿದೆ, ಔಷಧಿ ಅಂತ ಹೇಳಿದೆ. ಡ್ಯೂಯಿ ಸಾಲಾಗಿ ಒಂಬತ್ತು ಆಟ ಗೆದ್ದ. ನಾನೂ ಅವನ ಜೊತೆ ಗೆದ್ದೆ. ಮೂವತ್ತೆರಡು ವರ್ಷ ಆಗಿತ್ತು, ಪತ್ರಿಕೆಯಲ್ಲಿ ನಮ್ಮಿಬ್ಬರ ಫೋಟೊ ಒಟ್ಟಿಗೆ ಬರತೊಡಗಿತ್ತು. ಇದನ್ನು ಅಡಗಿಸಿಡುವುದಿಲ್ಲ: ಮೊದಲ ವಾರ ಅವನ ಮಕ್ಕಳಿಗಾಗಿ ಹಚ್ಚಿದೆ, ಆಮೇಲೆ ನನಗಾಗಿ ಹಚ್ಚಿದೆ.

ಆಗಸ್ಟ್ 11, ಶನಿವಾರ. ಆಗ ನಮ್ಮ ಮ್ಯಾನೇಜರ್ ಆಗಿದ್ದ ಹಬ್ ಗ್ಯಾರಿಟಿ ನನ್ನನ್ನು ಮೂಲೆಗೆ ಕರೆದು, “ನಾಳೆ ಮಧ್ಯಾಹ್ನ ದೊಡ್ಡ ಲೀಗಿನಿಂದ ಒಬ್ಬ ಬರ್ತಿದಾನೆ, ಡ್ಯೂಯಿನ ನೋಡೋಕೆ. ಅವನನ್ನ ತಗೊಂಡ್ರೆ ನಿನ್ನನ್ನೂ ತಗೋತಾರೆ. ಆ ಡ್ಯೂಯಿ ಬೇರೆ ಯಾವ ಕ್ಯಾಚರಿಗೂ ನೆಟ್ಟಗೆ ಎಸೆಯೋದೇ ಇಲ್ವಲ್ಲ, ಅದೇನು ಮದ್ದು ಹಾಕಿದ್ದೀಯೋ,” ಅಂದ. ಕುಣಿದುಕೊಂಡು ಮನೆಗೆ ಬಂದೆ. ಬಾಗಿಲು ತೆರೆದಿತ್ತು, ಅಡುಗೆಮನೆಯಿಂದ ಈರುಳ್ಳಿ ಹುರಿಯುವ ವಾಸನೆ. ಹೇಳದೆ ಕೇಳದೆ ನೀನು ಬಂದುಬಿಟ್ಟಿದ್ದೆ. ಕಾಲು ಬಾಗಿಲಲ್ಲೇ ಕಚ್ಚಿಕೊಂಡಿತು, ಯಾಕೆಂದರೆ ಆಟ ಮುಗಿದ ಮೇಲೆ ಉಜ್ಜಲೂ ನಿಲ್ಲದೆ ಓಡಿ ಬಂದಿದ್ದೆ, ಉಗುರಿನ ಮೇಲೆ ಬಣ್ಣ ಹಾಗೇ ಇತ್ತು. ಚೀಲ ನಡುಮನೆಯಲ್ಲಿ ಎಸೆದು, ಕೈ ಜೇಬಿಗೆ ತುರುಕಿಕೊಂಡು ನೇರ ಹಿತ್ತಲಿಗೆ ಹೋಗಿ ಟರ್ಪೆಂಟೈನಿನಲ್ಲಿ ಚರ್ಮ ಸುಲಿಯುವ ಹಾಗೆ ಉಜ್ಜಿದೆ. ಎರಡೂವರೆ ತಿಂಗಳ ಮೇಲೆ ಬಂದ ಹೆಂಡತಿಯನ್ನು ತಬ್ಬಿಕೊಳ್ಳದೆ ಹಿತ್ತಲಿಗೆ ಓಡಿದ ಗಂಡನನ್ನು ನೀನು ಏನಂದುಕೊಂಡೆಯೋ. ರಾತ್ರಿ ಊಟಕ್ಕೆ ನೀನು ಹೆಚ್ಚು ಮಾತಾಡಲಿಲ್ಲ. ಪ್ರಯಾಣದ ಆಯಾಸ ಅಂದುಕೊಂಡೆ.

ಭಾನುವಾರ ಇಗರ್ಜಿಯಲ್ಲಿ ಪಾದ್ರಿ ಎಂದಿನಂತೆ ಎಳೆದರು, ತಡವಾಯಿತು. ಅಂದು ನಾನು ಬಣ್ಣ ಹಚ್ಚಿಕೊಳ್ಳುವುದನ್ನು ಮರೆತೆ. ಅವಸರದಲ್ಲಿ ಮರೆತೆ, ಅಷ್ಟೇ.

ಆರನೆಯ ಇನ್ನಿಂಗ್ಸು. ಅಲ್ಲಿವರೆಗೂ ಡ್ಯೂಯಿ ಅಂದಾಜಿನಲ್ಲೇ ದೂಡಿದ್ದ, ನಾನು ಅಂದಾಜಿನಲ್ಲೇ ಹಿಡಿದಿದ್ದೆ. ಆ ಆಯ್ಕೆದಾರ ಬೆಳ್ಳನೆಯ ಹುಲ್ಲು ಟೋಪಿ ಹಾಕಿಕೊಂಡು ನಮ್ಮ ಬೆಂಚಿನ ಹಿಂದೆಯೇ ಕೂತಿದ್ದ. ಬ್ಯಾಟ್ ಹಿಡಿದು ಬಂದವನು ಕ್ಲೆಲ್ ಪರ್ವಿಸ್. ಇಪ್ಪತ್ತನಾಲ್ಕು ವರ್ಷ, ಮದುವೆಯಾಗಿ ಮೂರು ತಿಂಗಳು, ನೆಬ್ರಾಸ್ಕಾದವನು. “ಏನಪ್ಪಾ ಹೊಸ ಮದುಮಗ, ರಾತ್ರಿ ನಿದ್ದೆ ಆಯ್ತಾ?” ಅಂತ ರೇಗಿಸಿದೆ. ಕಿವಿ ಕೆಂಪಾಯಿತು ಅವನಿಗೆ. ದಿಬ್ಬದ ಹಿಂದೆ, ಎರಡನೇ ಬೇಸಿನಲ್ಲಿ, ಅವರ ಓಟಗಾರನೊಬ್ಬ ನಿಂತಿದ್ದ. ಅಲ್ಲಿಂದ ನನ್ನ ಬೆರಳು ನೇರ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಸಂಜ್ಞೆ ಬದಲಾಯಿಸುವುದು ಕ್ರಮ, ಆದರೆ ಡ್ಯೂಯಿಗೆ ಇದ್ದದ್ದೇ ಕಾಣುತ್ತಿರಲಿಲ್ಲ, ಬದಲಾಯಿಸಿ ಏನು ಬಂತು? ಎರಡು ಬೆರಳು ಬಿಟ್ಟೆ, ತಿರುವಿನ ಚೆಂಡು, ಹೊರಗಡೆಗೆ. ಓಟಗಾರ ಅದನ್ನು ನೋಡಿ ಟೋಪಿ ಮುಟ್ಟಿಕೊಂಡು ಪರ್ವಿಸ್‌ಗೆ ಸುದ್ದಿ ಮುಟ್ಟಿಸಿದ. ಚೆಂಡು ದೂರಕ್ಕೆ ತಿರುಗುತ್ತದೆ ಅಂತ ನಂಬಿ ಪರ್ವಿಸ್ ಮುಂದಕ್ಕೆ ಬಾಗಿದ. ಡ್ಯೂಯಿ ತಲೆಯಾಡಿಸಿದ, ಕಂಡವನ ಹಾಗೆ. ಎಸೆದದ್ದು ನೇರ ವೇಗದ ಚೆಂಡು, ಒಳಕ್ಕೆ.

ಆ ಬೆರಳು ಶತ್ರುವಿಗೂ ಕಂಡಿತ್ತು ವೆರೋನ್ಕಾ. ಕಾಣಬೇಕಾದ ಒಬ್ಬನಿಗೆ ಮಾತ್ರ ಕಾಣಲಿಲ್ಲ.

ಕಿವಿಯ ಮೇಲೆ ಬಿತ್ತು. ಸದ್ದನ್ನು ನಾನು ವರ್ಣಿಸುವುದಿಲ್ಲ, ನೀನೂ ಕೇಳಿದ್ದೀಯ. ಜಾಲರಿ ಕಿತ್ತೆಸೆದು ಅವನ ತಲೆ ತೊಡೆಯ ಮೇಲಿಟ್ಟುಕೊಂಡಾಗ ಕಣ್ಣು ಎತ್ತಿದೆ, ಮೂರನೆಯ ಸಾಲಿನಲ್ಲಿ ನೀನು ಎದ್ದು ನಿಂತಿದ್ದೆ, ಪರ್ಸನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು. ಪರ್ವಿಸ್ ಬದುಕಿದ. ಆದರೆ ಒಂದು ಕಿವಿ ಹೋಯಿತು, ನೆಟ್ಟಗೆ ನಿಲ್ಲುವುದು ಹೋಯಿತು. ಮತ್ತೆ ಬ್ಯಾಟ್ ಹಿಡಿಯಲಿಲ್ಲ.

ಸಂಜೆ ಮನೆಗೆ ಬಂದೆ. ನನ್ನ ಅಂಗಿಯ ಮೇಲೆ ಅವನ ರಕ್ತ. ನೀನು ಕೋಸು ಮತ್ತು ಹಿಟ್ಟಿನ ಹಲುಷ್ಕಿ ಮಾಡಿ ಮೇಜಿನ ಮೇಲಿಟ್ಟಿದ್ದೆ, ಅದರ ಪಕ್ಕ ಆ ಬಾಟಲಿ ಇಟ್ಟೆ. “ಇದು ಯಾರದು?” ಅಂತ ನೀನು ಕೇಳಿದೆ. ನಾನು ರಕ್ತದ ಅಂಗಿ ಬಿಚ್ಚತೊಡಗಿದೆ. “ಅಲ್ಲಿ ನಾನು ಅಮ್ಮನ ಹೇಲು ಉಚ್ಚೆ ಬಾಚ್ತಾ ಇದ್ರೆ ಇಲ್ಲಿ ನೀನು ಯಾವಳಿಗೆ ಬಣ್ಣ ಬಳೀತಿದ್ದೆ? ಬಾಯಿ ಬಿಡು. ಹೆಂಗಸಿದ್ದಾಳಾ?” ಅಂದೆ. ನಾನು, “ಇದ್ದಾಳೆ,” ಅಂದೆ. “ಹೆಸರೇನು?” ಅಂತ ಕೇಳಿದೆ ನೀನು. ಬಾಯಿಗೆ ಬಂದದ್ದು ಆ ಅಂಗಡಿಯ ಹುಡುಗಿಯ ಬಿಲ್ಲೆ. “ನೋರೀನ್,” ಅಂದೆ. ಪಾಪ, ನನ್ನನ್ನು ಮರ್ಯಾದಸ್ಥನಲ್ಲ ಅಂತ ಅವಳು ಆವತ್ತೇ ಸರಿಯಾಗಿ ಅಳೆದಿದ್ದಳು. ಸೋಮವಾರ ಬೆಳಗಿನ ಬಸ್ಸಿಗೆ ನೀನು ಹೊರಟುಹೋದೆ.

ಯಾಕೆ ಒಪ್ಪಿಕೊಂಡೆ ಅಂತ ಕೇಳುತ್ತೀಯ. ಡ್ಯೂಯಿಗೆ ಕೊಟ್ಟ ಆಣೆ ಒಂದು. ನಿಜ ಹೊರಗೆ ಬಂದರೆ ನಮ್ಮಿಬ್ಬರ ದೊಡ್ಡ ಲೀಗು ಅಲ್ಲಿಗೇ ಮುಗಿಯಿತಲ್ಲ, ಆ ದುರಾಸೆ ಒಂದು. ಕಣ್ಣು ಕಾಣದವನನ್ನು ದಿಬ್ಬದ ಮೇಲೆ ನಿಲ್ಲಿಸಿ ಒಬ್ಬನ ಬಾಳು ಹಾಳು ಮಾಡಿದೆ ಅಂತ ನಿನ್ನ ಮುಂದೆ ಹೇಳುವುದಕ್ಕಿಂತ ಹಾದರಗಾರ ಅನ್ನಿಸಿಕೊಳ್ಳುವುದು ಸುಲಭ ಅನಿಸಿತು. ಇವಿಷ್ಟೇ ಉತ್ತರ.

ಆಮೇಲೆ ನಡೆದದ್ದನ್ನು ನೀನು ಪತ್ರಿಕೆಯಲ್ಲಿ ಓದಿರಬಹುದು. ಸೆಪ್ಟೆಂಬರಿನಲ್ಲಿ ನಮ್ಮಿಬ್ಬರನ್ನೂ ಮೇಲಕ್ಕೆ ಕರೆದರು. ಹೋಟೆಲಿನಲ್ಲಿ ನನಗೆ ಒಂದು ಕೋಣೆ, ಮಂಚದ ಪಕ್ಕದಲ್ಲೇ ಟೆಲಿಫೋನು. ಹತ್ತೊಂಬತ್ತು ದಿನದಲ್ಲಿ ಒಂದೇ ಒಂದು ಆಟದಲ್ಲಿ ಎರಡು ಇನ್ನಿಂಗ್ಸು ಕೂರಿಸಿದರು. ಮೂವತ್ತು ಸಾವಿರ ಜನ. ಪತ್ರಿಕೆಯ ಪಟ್ಟಿಯಲ್ಲಿ ನನ್ನ ಹೆಸರಿಗೆ ಜಾಗ ಸಾಲದೆ ಅರ್ಧ ಕತ್ತರಿಸಿ ಹಾಕಿದ್ದರು. ಕೋಣೆಗೆ ಬಂದು ಫೋನು ಎತ್ತಿದೆ. ಆಪರೇಟರು, “ಯಾವ ನಂಬರು ಸರ್?” ಅಂದಳು. “ಏನಿಲ್ಲಮ್ಮ, ಕೆಲಸ ಮಾಡ್ತಿದೆಯಾ ನೋಡ್ದೆ,” ಅಂದು ಇಟ್ಟೆ. ಹುಟ್ಟಿದಾಗಿನಿಂದ ಬೇಡಿಕೊಂಡದ್ದು ಸಿಕ್ಕಿದ ದಿನ, ಹೇಳಿಕೊಳ್ಳಲು ಯಾರೂ ಇರಲಿಲ್ಲ. ಮುಂದಿನ ವಸಂತದಲ್ಲಿ ಡಾಕ್ಟರು ಡ್ಯೂಯಿಯ ಕಣ್ಣು ನೋಡಿದ, ಇಬ್ಬರಿಗೂ ಒಂದೇ ದಿನ ಗಂಟುಮೂಟೆ ಕಟ್ಟಿಸಿದರು. ಅಲ್ಲಿಂದ ಮತ್ತೆ ಬಸ್ಸು, ಬೇಯಿಸಿದ ಮೊಟ್ಟೆ, ಬೇರೆ ಬೇರೆ ಊರಿನ ಬೇರೆ ಬೇರೆ ಮಿಸೆಸ್ ಎಬರ್ಲಿಯರು. ಕ್ರಿಸ್‌ಮಸ್ ಹಿಂದಿನ ದಿನಕ್ಕೆ ತಂಗಿ ಅನ್ನಾ ಹಪ್ಪಳದಂಥ ಒಪ್ಲಾಟ್ಕಿ ಅಂಚೆಯಲ್ಲಿ ಕಳಿಸುತ್ತಾಳೆ. ಪ್ರತಿ ಸಲ ಪುಡಿಯಾಗಿ ಬರುತ್ತದೆ. ಜೇನು ಹಚ್ಚಿ ಒಬ್ಬರಿಗೊಬ್ಬರು ಮುರಿದು ಕೊಡಬೇಕಾದದ್ದು, ನಾನು ಚಮಚದಲ್ಲಿ ತಿನ್ನುತ್ತೇನೆ.

ಒಂದು ಮಾತು ಉಳಿದಿದೆ. ಹೋದ ಚಳಿಗಾಲ ನೆಬ್ರಾಸ್ಕಾಕ್ಕೆ ಹೋದೆ. ಅದಕ್ಕೆ ಮುಂಚೆಯೂ ಒಂದು ಸಲ ಹೋಗಿ, ಪರ್ವಿಸ್ ಕೆಲಸ ಮಾಡುವ ದನದ ಮೇವಿನ ಅಂಗಡಿಯ ಎದುರು ಬದಿಯಲ್ಲಿ ಒಂದು ಗಂಟೆ ನಿಂತು ವಾಪಸ್ ಬಂದಿದ್ದೆ. ಈ ಸಲ ಒಳಗೆ ಹೋದೆ. ಪರ್ವಿಸ್ ಕೌಂಟರು ಹಿಡಿದುಕೊಂಡೇ ನಡೆಯುತ್ತಾನೆ. ಗುರುತು ಹಿಡಿದು, “ಏನು ಹ್ರುಷ್ಕಾ, ಆವತ್ತಿಂದ ನಿದ್ದೆ ಸರಿಯಾಗಿಲ್ಲ ಕಣಯ್ಯ, ನೀನು ಕೇಳಿದ್ದಕ್ಕೆ ಹೇಳ್ತಿದೀನಿ,” ಅಂತ ನಗಾಡಿದ. ನಾನು ಎಲ್ಲ ಹೇಳಿದೆ, ಉಗುರು, ಬಣ್ಣ, ಡ್ಯೂಯಿಯ ಕಣ್ಣು, ಎಲ್ಲ. ಅವನು ಮೇವಿನ ಮೂಟೆಯೊಂದರ ಬಾಯಿ ಬಿಗಿದು ಕಟ್ಟಿದ. ಆಮೇಲೆ, “ನಾನು ನಿಮ್ಮ ಸಂಜ್ಞೆ ಕದ್ದಿದ್ದೆ. ಕದ್ದಿದ್ದಕ್ಕೇ ಬಾಗಿದ್ದು. ಕದ್ದಿದ್ದಕ್ಕೇ ದೇವರು ಹೊಡೆದ ಅಂತ ಹೆಂಡ್ತಿಗೂ ಹೇಳದೆ ಇಷ್ಟು ವರ್ಷ ಬಾಯಿ ಮುಚ್ಕೊಂಡಿದೀನಿ,” ಅಂದ. ಡ್ಯೂಯಿಯೋ, ಚೆಂಡು ಬೆವರಿಗೆ ಜಾರಿತು, ತನ್ನದೇ ಕೈ ತಪ್ಪು ಅಂತ ಇವತ್ತಿಗೂ ಹೇಳುತ್ತಾನೆ. ಒಂದೇ ತಪ್ಪನ್ನು ಮೂರು ಜನ ಮೂರು ಊರಲ್ಲಿ ನನ್ನದು ನನ್ನದು ಅಂತ ಇಟ್ಟುಕೊಂಡು ಕೂತಿದ್ದೇವೆ. ನನಗೆ ಅಂಗಡಿಯಲ್ಲೇ ಅಳು ಬಂತು. ಪರ್ವಿಸ್ ಒಂದು ಲೋಟ ಕಾಫಿ ಕೊಟ್ಟ.

ಈಗ ಕೇಳುವುದನ್ನು ಕೇಳಿಬಿಡುತ್ತೇನೆ. ಇಲ್ಲಿ ನನಗೆ ಇನ್ನು ಕೆಲಸವಿಲ್ಲ. ಅನ್ನಾಳ ಊರಿನ ಶಾಲೆಯವರು ಮೈದಾನ ನೋಡಿಕೊಳ್ಳಲು ಕರೆದಿದ್ದಾರೆ. ಹೋಗುವ ಬಸ್ಸು ಅಕ್ಟೋಬರ್ 8, ಮಂಗಳವಾರ ಸಂಜೆ ನಾಲ್ಕು ಹತ್ತಕ್ಕೆ ಜಾನ್ಸ್‌ಟೌನಿಗೆ ಬರುತ್ತದೆ, ನಲವತ್ತು ನಿಮಿಷ ನಿಲ್ಲುತ್ತದೆ. ನಾನು ಇಳಿದು ನಿಲ್ದಾಣದ ಬೆಂಚಿನಲ್ಲಿ ಕೂತಿರುತ್ತೇನೆ. ನೀನು ಬಂದು ಪಕ್ಕದಲ್ಲಿ ಕೂತರೆ ಸಾಕು. ಬೈದರೂ ಸರಿ. ಮನೆಗೆ ಬಾ ಅಂದರೆ ಚೀಲ ಕೆಳಗಿಳಿಸಿಕೊಳ್ಳುತ್ತೇನೆ, ಅಷ್ಟು ಆಸೆಯೂ ಇದೆ, ಮುಚ್ಚಿಡುವುದಿಲ್ಲ. ಬರದಿದ್ದರೆ ನಲವತ್ತನೆಯ ನಿಮಿಷಕ್ಕೆ ಹತ್ತಿ ಹೋಗುತ್ತೇನೆ, ನಿನಗೆ ತೊಂದರೆ ಕೊಡುವುದಿಲ್ಲ.

ಅಕ್ಕನಿಗೆ ನಮಸ್ಕಾರ ತಿಳಿಸು, ಅವಳು ತೆಗೆದುಕೊಳ್ಳುವುದಾದರೆ.

ನಿನ್ನವನು ಅಂತ ಬರೆದುಕೊಳ್ಳುವ ಹಕ್ಕು ಇದೆಯೋ ಇಲ್ಲವೋ ತಿಳಿಯದ,
ಎಮಿಲ್

ಮರೆತ ಮಾತು, ಸೋಮವಾರ ಬೆಳಗ್ಗೆ:

ಲಕೋಟೆ ಅಂಟಿಸಿಕೊಂಡು ಅಂಚೆ ಕಚೇರಿಯ ಬಾಗಿಲ ತನಕ ಹೋಗಿ ಹಿಂದಿರುಗಿದೆ. ನಿಜ ಹೇಳುವುದಾದರೆ ಮಾತ್ರ ಬರೆ ಅಂದಿದ್ದೀಯ. ಬಣ್ಣ ಹಚ್ಚಲು ಮರೆತೆ ಅಂತ ಬರೆದಿದ್ದೇನೆ. ಅದು ಸುಳ್ಳು. ನಾನು ಮರೆಯುವವನಲ್ಲ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ಕೋರು ಪುಸ್ತಕ ತೆಗೆದು ತಾರೀಖು ನೋಡಿದರೆ ನೀನೇ ಕಂಡುಹಿಡಿಯುತ್ತೀಯ, ಒಬ್ಬಳೇ ಕೂತು ಕಂಡುಹಿಡಿಯುವುದು ನನಗೆ ಬೇಡ.

ಭಾನುವಾರ ಆಟಕ್ಕೆ ಮುಂಚೆ ಕಕ್ಕಸಿನಲ್ಲಿ ಚೀಲ ತೆರೆದೆ, ಬಾಟಲಿ ಇರಲಿಲ್ಲ. ಶನಿವಾರ ನಾನು ಹಿತ್ತಲಲ್ಲಿ ಕೈ ಉಜ್ಜುತ್ತಿದ್ದಾಗ ನೀನು ಒಗೆಯುವ ಬಟ್ಟೆ ತೆಗೆಯಲು ಚೀಲ ಬಿಚ್ಚಿದ್ದೆ. ಅದು ನಿನಗೆ ಸಿಕ್ಕಿತು ಅಂತ ನನಗೆ ತಿಳಿದದ್ದು ಸಂಜೆ, ನೀನು ಪರ್ಸಿನಿಂದ ತೆಗೆದು ಮೇಜಿನ ಮೇಲಿಟ್ಟಾಗ. ಆಟವಿಡೀ ಅದು ನಿನ್ನ ತೊಡೆಯ ಮೇಲೇ ಇತ್ತು. ಪರ್ವಿಸ್ ಬಿದ್ದಾಗ ನೀನು ಎದೆಗೆ ಒತ್ತಿ ಹಿಡಿದಿದ್ದ ಪರ್ಸಿನಲ್ಲಿ. ಬಾಟಲಿ ಯಾತಕ್ಕೆ ಅಂತ ನಾನು ಹೇಳಿದ್ದರೆ ಉಳಿದದ್ದು ನಿನಗೆ ಹೊಳೆಯಲು ಅರ್ಧ ನಿಮಿಷವೂ ಬೇಕಿರಲಿಲ್ಲ. ಅದಕ್ಕೇ ಹೆಂಗಸಿದ್ದಾಳೆ ಅಂದೆ. ನನ್ನ ಮೇಲಿನ ಸಿಟ್ಟಾದರೆ ನೀನು ಒಂದು ದಿನ ದಾಟುತ್ತೀಯ, ಇದನ್ನು ದಾಟಲಾರೆ ಅಂದುಕೊಂಡೆ. ನಿನ್ನ ಪರವಾಗಿ ನಾನೊಬ್ಬನೇ ನಿರ್ಧಾರ ಮಾಡಿ ಆರು ವರ್ಷ ಇಬ್ಬರನ್ನೂ ಒಂಟಿ ಕೂರಿಸಿದೆ. ಅದು ಸರಿಯೋ ತಪ್ಪೋ, ಪರ್ವಿಸ್‌ನನ್ನು ನೋಡಿದ ಮೇಲೆ ತಪ್ಪು ಅಂತಲೇ ಅನಿಸುತ್ತಿದೆ.

ಆದರೆ ಇಷ್ಟು ಓದಿ ಕಾಗದ ಕೆಳಗಿಡಬೇಡ. ಆವತ್ತು ಬಾಟಲಿಗಾಗಿ ಎರಡು ಸಲ ಚೀಲ ಬೋರಲು ಹಾಕಿದೆ. ಎರಡು ಸಲವೂ ಬಿಳಿ ಟೇಪಿನ ಸುರುಳಿ ಹೊರಗೆ ಉರುಳಿತು, ಪೂರ್ತಿ ಸುರುಳಿ, ಹೊಸದು. ಸುತ್ತಿಕೊಂಡಿದ್ದರೆ ಡ್ಯೂಯಿಗೆ ಕಾಣುತ್ತಿತ್ತು, ಹುಲ್ಲು ಟೋಪಿಯವನಿಗೂ ಕಾಣುತ್ತಿತ್ತು. ಎರಡು ಸಲವೂ ಅದನ್ನು ಎತ್ತಿ ಚೀಲದೊಳಗೆ ವಾಪಸ್ ಹಾಕಿದವನು ನಾನೇ.